ಚಂದವ್ವನ ಖಾನಾವಳಿಯಲ್ಲಿ ದರಬಾರು

ಗೋವೆಯ ಕೊರ್ಲಿಮ್‌ನ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ, ತಗಡಿನ ಚಪ್ಪರದ ಕೆಳಗೆ, ಚಂದವ್ವ ದಿನಾ ನಸುಕಿನಲ್ಲಿ ಒಲೆಗೆ ಕೈಮುಗಿಯುತ್ತಿದ್ದಳು. ಅದು ಗ್ಯಾಸಿನ ಒಲೆ. ಆದರೂ ಊರಿನ ಮಣ್ಣಿನ ಒಲೆಗೆ ಮಾಡುತ್ತಿದ್ದಂತೆಯೇ ಅದಕ್ಕೂ ವಿಭೂತಿ ಬಳಿದು, ಕುಂಕುಮವಿಟ್ಟು, ಬಾದಾಮಿಯ ಬನಶಂಕರಿಯನ್ನು ನೆನೆದು ಕಡ್ಡಿ ಗೀರುವಳು.

"ಗ್ಯಾಸಿಗೆಂಥ ಪೂಜಿ ಚಂದಕ್ಕಾ" ಎಂದು ಟೆಂಪೋ ಓಡಿಸುವ ಮುಸ್ತಾಕ ಚೇಷ್ಟೆ ಮಾಡಿದರೆ, "ನೀ ಟೆಂಪೋಕ್ಕ ಲಿಂಬಿಹಣ್ಣು ಕಟ್ಟೂದಿಲ್ಲೇನು" ಎನ್ನುವಳು. ಮುಸ್ತಾಕ ಕಟ್ಟುತ್ತಿದ್ದ, ಅದರ ಪಕ್ಕದಲ್ಲಿ ದರ್ಗಾದ ಹಸಿರು ದಾರವನ್ನೂ ಸುತ್ತಿದ್ದ. ಹೀಗಾಗಿ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಬಾದಾಮಿ, ಇಳಕಲ್ಲು, ಮುದ್ದೇಬಿಹಾಳದ ಕಡೆಯಿಂದ ಬಂದು ಕಾರ್ಖಾನೆಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವವರಿಗೆ ಚಂದವ್ವನ ಖಾನಾವಳಿಯೇ ಊಟದ ಮನೆ. ಜೋಳದ ರೊಟ್ಟಿ, ಪುಂಡಿಪಲ್ಯ, ಬದನೆಕಾಯಿ, ಗುರೆಳ್ಳಿನ ಚಟ್ನಿ, ಕಡೆಗೆ ಒಂದಿಷ್ಟು ಅನ್ನ. ಗೋವೆಯಲ್ಲಿ ಮೀನಿನ ಸಾರು, ಪಾವು ಯಾವ ಮೂಲೆಯಲ್ಲಾದರೂ ಸಿಗುತ್ತದೆ. ರೊಟ್ಟಿ ಬಡಿಯುವ ಸದ್ದು ಹಾಗಲ್ಲ. ಆ ಸದ್ದು ಕೇಳಿಸಿದರೆ ದುಡಿದು ಬಂದವರ ಕಾಲು ತಾನಾಗಿ ಓಣಿಯೊಳಗೆ ತಿರುಗುತ್ತಿತ್ತು.

ಆ ಖಾನಾವಳಿಗೆ ಒಂದು ಪದ್ಧತಿಯಿತ್ತು. ಉಂಡವರು ಅಡಿಗೆಯ ತಪ್ಪು ಹೇಳಲೇಬೇಕು. ಉಣ್ಣಲು ಕೂತವನ ನಾಲಿಗೆಯ ಮೇಲೆ ದೇವರು ಬಂದು ಕೂರುತ್ತಾನೆಂದು ಚಂದವ್ವನ ತಾಯಿ ಅವಳಿಗೆ ಹೇಳಿಕೊಟ್ಟಿದ್ದಳು. ಆ ದೇವರು ಉಪ್ಪು ಕಡಿಮೆ ಎಂದರೆ ಕಡಿಮೆಯೇ. ಅದರಲ್ಲಿ ವಾದವಿಲ್ಲ. ಹೀಗೆ ತಪ್ಪು ಹೇಳುವವರಲ್ಲಿ ಎಲ್ಲರಿಗಿಂತ ಹಿರಿಯ, ಗೌಂಡಿ ಹಣಮಪ್ಪ. ಖಾನಾವಳಿ ಶುರುವಾದ ದಿನದಿಂದ ಉಂಡವನು ಅವನು. ಮೊದಲ ತುತ್ತನ್ನು ಕಣ್ಣಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಅಗಿದು, ಆಮೇಲೆ ತೀರ್ಪು ಕೊಡುತ್ತಿದ್ದ.

"ಯವ್ವಾ, ಇವತ್ತ ಬದನಿಕಾಯಿಗೆ ನಿದ್ದಿ ಹತ್ತೇತಿ ನೋಡು. ಎಬ್ಬಸು."

ಚಂದವ್ವ ಖಾರದ ಡಬ್ಬಿ ತರುವಳು. ಅವಳ ಕೈಯ ರುಚಿ ಎಂದು ಓಣಿಯೆಲ್ಲ ಹೊಗಳುತ್ತಿದ್ದುದು ಅರ್ಧ ಹಣಮಪ್ಪನ ನಾಲಿಗೆಯ ರುಚಿಯಾಗಿತ್ತು. ಅದು ಅವಳಿಗೆ ಗೊತ್ತಿತ್ತು.

ಇಷ್ಟರಲ್ಲಿ ಅವಳ ಗಂಡ ಭೀಮಶಿ ಸೈನ್ಯದಿಂದ ನಿವೃತ್ತನಾಗಿ ಬಂದ.

ಭೀಮಶಿ ಬಂದೂಕು ಹಿಡಿದದ್ದು ತರಬೇತಿಯ ದಿನಗಳಲ್ಲಿ. ಉಳಿದ ಕಾಲವೆಲ್ಲ ಹಿಡಿದದ್ದು ಸೌಟು. ಲಂಗರ್ ಎಂದು ಕರೆಯುವ ಪಡೆಯ ಅಡಿಗೆಮನೆಯಲ್ಲಿ ಅವನು ಅಡಿಗೆಯವನಾಗಿದ್ದ. ಮರಳಿನಲ್ಲಿ ಬೇಳೆ ಬೇಯಿಸಿದ್ದ, ಹಿಮದಲ್ಲಿ ಬೇಯಿಸಿದ್ದ. ವರ್ಷಕ್ಕೊಮ್ಮೆ ರಜೆಯ ಮೇಲೆ ಬಂದಾಗ ಚಂದವ್ವ ಅವನನ್ನು ನೆಂಟನಂತೆ ಉಪಚರಿಸುವಳು, ಅವನು ನೆಂಟನಂತೆಯೇ ಉಂಡು ಹೊರಡುವನು. ಈ ಸಲ ಅವನು ಹೊರಡಲಿಲ್ಲ. ಬಂದ ಮರುದಿನವೇ ಮೈಗೆ ಬಿಳಿಯ ಬಟ್ಟೆ ಕಟ್ಟಿಕೊಂಡು ಅಡಿಗೆಮನೆಗೆ ನುಗ್ಗಿದ. "ಇನ್ನ ನೀ ಕೂಡು. ಇದು ನನ್ನ ಕೆಲಸ" ಎಂದ. ಗಂಡ ಮನೆಗೆ ಬಂದ ಹರ್ಷದಲ್ಲಿ ಚಂದವ್ವ ಸೌಟು ಕೊಟ್ಟಳು.

ಅವನ ಕೈಯಲ್ಲಿ ಖಾನಾವಳಿ ಲಂಗರ್ ಆಯಿತು. ಉಣ್ಣುವವರು ತಾಟು ಹಿಡಿದು ಸಾಲಾಗಿ ನಿಲ್ಲಬೇಕು. ಪ್ರತಿಯೊಬ್ಬರಿಗೂ ಒಂದೊಂದು ಸೌಟು. ಮಾತಿಲ್ಲ. ಮೂರನೆಯ ದಿನ ಹಣಮಪ್ಪ ಮೊದಲ ತುತ್ತು ತಿಂದು, ಕಣ್ಣು ತೆರೆದು ಹೇಳಿದ:

"ಅಳಿಯಾರ, ಈ ಬ್ಯಾಳಿಗೆ ಯಾರ ಮ್ಯಾಲೂ ಸಿಟ್ಟಿಲ್ಲ. ಆದ್ರ ಪ್ರೀತೀನೂ ಇಲ್ಲ."

ಸಾಲಿನಲ್ಲಿದ್ದವರು ನಕ್ಕರು. ಭೀಮಶಿ ನಗಲಿಲ್ಲ.

"ಕಾಕಾ, ಪೂರಾ ಪಲ್ಟಣ ಉಂಡ ಬ್ಯಾಳಿ ಇದು. ಒಬ್ಬನೂ ಬಾಯಿ ತಗದಿಲ್ಲ. ಮಾತಾಡೂದಿದ್ರ ಹೊರಗ ಹೋಗಿ ಮಾತಾಡ್ರಿ, ಲೈನ್ ತಡೀಬ್ಯಾಡ್ರಿ."

ಹಣಮಪ್ಪ ತಾಟಿನಲ್ಲಿದ್ದದ್ದನ್ನು ಒಂದು ಅಗುಳೂ ಬಿಡದೆ ಉಂಡ. ತಾಟು ತೊಳೆದು ಬೋರಲು ಹಾಕಿದ. ಹೊರಗೆ ಹೋದ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಸ್ವಲ್ಪ ದಿನದಲ್ಲಿ, ದಾಬೋಲಿಮ್ ಕಡೆ ಕೆಲಸ ಹಿಡಿದಿದ್ದಾನಂತೆ, ಅಲ್ಲೇ ಬೇಯಿಸಿಕೊಂಡು ತಿನ್ನುತ್ತಾನಂತೆ ಎಂದು ಸುದ್ದಿ ಬಂತು.

ಚಂದವ್ವ ಜಗಳವಾಡಲಿಲ್ಲ. ಗಂಡನ ಕೈಯಿಂದ ಸೌಟು ತೆಗೆದುಕೊಂಡಳು. ನೀರಿನ ಪೀಪಾಯಿಯ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದಳು. "ಭಾಳ ದುಡದೀರಿ. ಹೊರಗ ಕುಂತು ಆರಾಮ ಮಾಡ್ರಿ" ಎಂದಳು.

ಆ ಆರಾಮದಷ್ಟು ಕಠಿಣ ಶಿಕ್ಷೆ ಭೀಮಶಿಗೆ ಸೈನ್ಯದಲ್ಲೂ ಆಗಿರಲಿಲ್ಲ. ಉಂಡವರ ಕೈಗೆ ಚೊಂಬಿನಿಂದ ನೀರು ಹಾಕುವುದಷ್ಟೇ ಅವನ ಪಾಲಿಗೆ ಉಳಿಯಿತು. ನಡುವೆ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರನ ಕೆಲಸಕ್ಕೂ ಸೇರಿದ. ಸೈನ್ಯದಿಂದ ಬಂದವರೆಂದರೆ ಕೋಲು ಕೊಟ್ಟು ಬಾಗಿಲಲ್ಲಿ ನಿಲ್ಲಿಸುವುದು ಎಲ್ಲ ಕಡೆಯ ರೂಢಿ. ಕೆಲವೇ ದಿನಗಳಲ್ಲಿ ಬಿಟ್ಟು ಬಂದ. "ಬಾಗಲದ ಹೊರಗ ಕುಂದ್ರಾಕ ಅಷ್ಟು ದೂರ ಯಾಕ ಹೋಗಲಿ" ಎಂದ.

ಅವನು ನಿವೃತ್ತನಾದದ್ದು ಹವಾಲ್ದಾರನಿಗಿಂತ ಒಂದು ಮೆಟ್ಟಿಲು ಕೆಳಗಿನ ನಾಯಕ್ ಹುದ್ದೆಯಲ್ಲಿ. ಓಣಿಯವರು ತಾವೇ ಬಡ್ತಿ ಕೊಟ್ಟು ಹವಾಲ್ದಾರನನ್ನಾಗಿ ಮಾಡಿದ್ದರು.

"ಹವಾಲ್ದಾರ ಮಾಮಾ, ಪೀಪಾಯಿ ಬಾರ್ಡರ್ ಶಾಂತ ಐತ್ಯೋ?" ಎಂದು ಮುಸ್ತಾಕ ಕೈ ತೊಳೆಯುವಾಗೆಲ್ಲ ಕೇಳುವನು.

"ನಿನ್ನಂಥ ನುಸುಳುಕೋರರು ಭಾಳ ಆಗ್ಯಾರ" ಎಂದು ಭೀಮಶಿ ನೀರನ್ನು ಅವನ ಅಂಗಿಯ ತೋಳಿನ ಮೇಲೇ ಸುರಿಯುವನು.

ನಗುತ್ತಿದ್ದನಾದರೂ ಅವನ ಕಣ್ಣು ಅಡಿಗೆಮನೆಯ ಹೊಸ್ತಿಲ ಮೇಲೆಯೇ ಇರುತ್ತಿತ್ತು. ಬಾಳಿನ ಅರ್ಧವನ್ನು ಒಲೆಯ ಮುಂದೆ ಕಳೆದವನು. ಈಗ ಸ್ವಂತ ಮನೆಯ ಒಲೆಯ ಕಾವು ಅವನ ಬೆನ್ನಿಗಷ್ಟೇ ತಾಗುತ್ತಿತ್ತು. ಆ ಹೊಸ್ತಿಲು ದಾಟುವುದೊಂದು ಬಿಟ್ಟು ಅವನಿಗೆ ಬೇರೆ ಆಸೆಯೇ ಇರಲಿಲ್ಲ.

ಎರಡು ಸಾವಿರದ ಎಂಟನೆಯ ಇಸವಿಯ ಮಳೆಗಾಲ ಮುಗಿಯುತ್ತ ಬಂದಾಗ ಜಯಶ್ರೀ ಎಂಬ ಹುಡುಗಿಯನ್ನು ಮುಸ್ತಾಕ ಕರೆದುಕೊಂಡು ಬಂದ. ಪಣಜಿ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಅವಳು ಸಂಶೋಧನೆ ಮಾಡುತ್ತಿದ್ದಳು. ತಂದೆ ಗದಗಿನ ಕಡೆಯವರು, ವಾಸ್ಕೋದಲ್ಲಿ ರೈಲ್ವೆ ನೌಕರರು; ಆದ್ದರಿಂದ ಮನೆಮಾತು ಇದೇ. ಸೈನ್ಯದಿಂದ ಮರಳಿ ಬಂದವರು ಸಾಮಾನ್ಯ ಬದುಕಿಗೆ ಹೇಗೆ ಹೊಂದಿಕೊಳ್ಳುತ್ತಾರೆ ಎಂಬುದು ಅವಳ ಅಧ್ಯಯನದ ವಿಷಯ. ಆವರೆಗೆ ಕಂಡ ಮಾಜಿ ಸೈನಿಕರೆಲ್ಲ ಅವಳ ಪ್ರಶ್ನೆಗಳಿಗೆ "ಸಬ್ ಠೀಕ್" ಎಂಬ ಒಂದೇ ಉತ್ತರ ಕೊಟ್ಟು ಚಹಾ ಕುಡಿಸಿ ಕಳಿಸಿದ್ದರು.

ಮಧ್ಯಾಹ್ನದ ಊಟದ ಹೊತ್ತು. ಜನ ಸಾಲಾಗಿ ಕೂತು ಉಣ್ಣುತ್ತಿದ್ದರು. ಜಯಶ್ರೀ ಭೀಮಶಿಯ ಎದುರು ಒಂದು ಸ್ಟೂಲಿನ ಮೇಲೆ ಕೂತು, ಪುಟ್ಟ ಧ್ವನಿಮುದ್ರಣ ಯಂತ್ರವನ್ನು ಪೀಪಾಯಿಯ ಮುಚ್ಚಳದ ಮೇಲಿಟ್ಟಳು.

"ಕಾಕಾ, ಸೈನ್ಯ ಬಿಟ್ಟು ಬಂದ ಮ್ಯಾಲೆ ನಿಮಗ ಏನರೆ ತೊಂದರಿ ಆಗೇತೇನ್ರಿ? ಮನಸ್ಸು ಬಿಚ್ಚಿ ಹೇಳ್ರಿ."

ಭೀಮಶಿ ಅವಳನ್ನು ನೋಡಿದ, ಯಂತ್ರವನ್ನು ನೋಡಿದ. "ಸ್ವಲ್ಪ ತಡೀರಿ ಮೇಡಂ" ಎಂದು ಎದ್ದು, ಹಿಂದಿನ ಖೋಲಿಗೆ ಹೋದ. ಮರಳಿ ಬಂದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ತಲೆಗೆ ನೀರು ಹಚ್ಚಿ ಬಾಚಿದ್ದ. ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಎದೆ ಸೆಟೆದು ನಿಂತ.

"ಕುಂದರ್ರಿ ಕಾಕಾ."

"ದರಬಾರ್‌ನ್ಯಾಗ ಅರ್ಜಿ ಹೇಳೂಮುಂದ ಕುಂದ್ರೂದಿಲ್ರಿ ಮೇಡಂ."

ವಿಷಯ ಇಷ್ಟೇ. ಪಲ್ಟಣದಲ್ಲಿ ಆಗಾಗ ದರಬಾರು ನಡೆಯುತ್ತದೆ. ದೊಡ್ಡ ಸಾಹೇಬರು ಎಲ್ಲರ ಮುಂದೆ ಕೂತು, ಯಾರಿಗೇನು ತೊಂದರೆ ಎಂದು ಕೇಳುತ್ತಾರೆ. ಎದ್ದು ನಿಂತು ಹೇಳಿದವನ ದೂರಿಗೆ ಅಲ್ಲೇ ಉತ್ತರ, ಅಲ್ಲೇ ಹುಕುಂ. ಎದುರು ಕೂತು, ನಿನಗೇನು ತೊಂದರೆ ಎಂದು ಭೀಮಶಿಯನ್ನು ಕೇಳಿದವರು ಆವರೆಗೆ ದರಬಾರಿನ ಸಾಹೇಬರು ಮಾತ್ರ. ವಿಶ್ವವಿದ್ಯಾಲಯದಿಂದ ಬಂದವಳು ಎಂದರೆ ಅದಕ್ಕಿಂತ ದೊಡ್ಡ ಜಾಗದಿಂದ ಬಂದವಳೇ ಇರಬೇಕು ಎಂದು ಅವನು ತಿಳಿದ. ಕಂಠ ಸರಿಮಾಡಿಕೊಂಡು ಶುರುಮಾಡಿದ:

"ನನ್ನ ಮನೀ ಅಡಗಿಮನ್ಯಾಗ ನನಗ ಕಾಲಿಡಾಕ ಬಿಡವಲ್ರು. ಲಂಗರ್ ನಡಸಿದಂವ ನಾ. ಹೇಂತಿ ನನ್ನ ಪೀಪಾಯಿ ಕಾಯಾಕ ಹಚ್ಚ್ಯಾಳ. ಒಳಗ ಹೋಗಾಕ ಪರವಾನಗಿ ಬೇಕು. ಇಷ್ಟ ನನ್ನ ಅರ್ಜಿ."

ಉಣ್ಣುತ್ತಿದ್ದವರ ಕೈಗಳು ನಿಂತವು. ಜಯಶ್ರೀ ಇನ್ನೊಂದು ಪ್ರಶ್ನೆ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಭೀಮಶಿಯೇ ಕೇಳಿದ:

"ಹುಕುಂ ಏನ್ರಿ?"

"ಎದರ ಹುಕುಂ?"

"ನನ್ನ ಅರ್ಜಿ ಮ್ಯಾಲ."

"ಕಾಕಾ, ನಾ ಹುಕುಂ ಕೊಡೂದಿಲ್ರಿ. ನಾ ಬರೇ ಕೇಳತೀನಿ."

"ಬರೇ ಕೇಳಾಕ ಪಣಜಿಯಿಂದ ಬಂದೀರಿ?"

"ಕೇಳಿ ಬರೀತಾರಂತ ಮಾಮಾ" ಎಂದು ಮುಸ್ತಾಕ ಸಮಾಧಾನ ಹೇಳಿದ. "ಬರದದ್ದು ಪುಸ್ತಕ ಆಗತೈತಂತ."

"ಪುಸ್ತಕ ತಗೊಂಡು ನಾ ಒಳಗ ಹೆಂಗ ಹೋಗಲಿ" ಎಂದ ಭೀಮಶಿ. ಸೆಟೆದ ಎದೆ ಸ್ವಲ್ಪ ಕುಗ್ಗಿತು. ಜಯಶ್ರೀಗೆ ಕೆಡುಕೆನಿಸಿತು. ಮೊದಲ ಸಲ ಒಬ್ಬ ಸೈನಿಕ ಸಬ್ ಠೀಕ್ ಎನ್ನದೆ ಮಾತಾಡಿದ್ದ; ಅವನಿಗೆ ಕೊಡಲು ಅವಳಲ್ಲಿ ಏನೂ ಇರಲಿಲ್ಲ.

ಹಿಟ್ಟಿನ ಕೈಯಲ್ಲೇ ಚಂದವ್ವ ಹೊಸ್ತಿಲಿಗೆ ಬಂದು ನಿಂತಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು.

"ತಂಗಿ, ಅವರ ಅರ್ಜಿ ಕೇಳಿದ್ಯಲ್ಲ, ನಂದೂ ಕೇಳು. ಆ ಮಷಿನ್ ಈ ಕಡೆ ತಿರುಗಸು."

ಜಯಶ್ರೀ ಯಂತ್ರವನ್ನು ಅವಳ ಕಡೆಗೆ ಸರಿಸಿದಳು.

"ಇವ್ರು ಬಂದಾಗಿಂದ ನನ್ನ ಅಡಗಿ ಹೆಂಗೈತಿ ಅಂತ ನನಗ ತಿಳೀವಲ್ದು" ಎಂದಳು ಚಂದವ್ವ. "ಹಣಮಪ್ಪ ಕಾಕಾ ಇದ್ರು, ಉಪ್ಪಿಲ್ಲ ಅಂದ್ರ ಉಪ್ಪಿಲ್ಲ ಅಂತಿದ್ರು. ಅವರನ್ನ ಇವ್ರು ಹೊರಗ ಹಾಕಿದ್ರು. ಈಗ ಇಲ್ಲಿ ಕುಂತವರನ್ನ ಕೇಳು. ಹೆಂಗೈತ್ರಪ್ಪಾ ಪಲ್ಯ?"

"ಚಲೋ ಐತಿ" ಎಂದರು ಸಾಲಿನವರು ಒಟ್ಟಿಗೆ, ಕಣ್ಣಂಚಿನಲ್ಲಿ ಭೀಮಶಿಯನ್ನು ನೋಡುತ್ತ.

"ಕೇಳಿದ್ಯಾ? ದಿನಾ ಹಿಂಗ. ಸಾಲಿ ಮಕ್ಕಳಂಗ ಒದರತಾರ. ನಾನೂ ಒಂದ್ಸಲ ತಿಂದು ನೋಡಿ ಉಪ್ಪು ಹಾಕೂದನ್ನ ಬಿಟ್ಟೆ. ಯಾರೂ ಅನ್ನೂದಿಲ್ಲ ಅಂದ್ರ ಯಾಕ ಹಾಕಬೇಕು?"

"ಹೌದ್ರಿ, ಇವತ್ತ ಉಪ್ಪ ಇಲ್ಲ" ಎಂದು ಖೀರಪ್ಪನೆಂಬ ವೆಲ್ಡರ್ ಮೆಲ್ಲಗೆ ಒಪ್ಪಿಕೊಂಡ.

ಚಂದವ್ವ ಗಂಡನ ಕಡೆಗೆ ತಿರುಗಿದಳು. "ಹುಕುಂ ಬೇಕಲ್ಲ ನಿಮಗ? ನಾ ಕೊಡತೀನಿ. ಕಾಕಾನ್ನ ಕರಕೊಂಡು ಬರ್ರಿ. ಅವ್ರು ಈ ಸಾಲಿನ್ಯಾಗ ಕುಂತು ಉಂಡ ದಿನ ನೀವು ಒಳಗ ಬರ್ರಿ. ಇಲ್ಲಾಂದ್ರ ಕುರ್ಚಿ ಐತಿ, ಪೀಪಾಯಿ ಐತಿ."

ಭೀಮಶಿಯ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು. ಹುಕುಂ ಎಲ್ಲಿಂದ ಬಂದರೇನು, ಹುಕುಂ ಹುಕುಮೇ. ಆದರೆ ಅಭ್ಯಾಸಬಲದಿಂದ ಅವನು ಸೆಲ್ಯೂಟ್ ಹೊಡೆದದ್ದು ಜಯಶ್ರೀಗೆ. ಅವಳು ಏನು ಮಾಡಬೇಕೆಂದು ತಿಳಿಯದೆ ನಮಸ್ಕಾರ ಮಾಡಿದಳು.

ಮರುದಿನವೇ ಮುಸ್ತಾಕನ ಟೆಂಪೋ ದಾಬೋಲಿಮ್ ಕಡೆ ಟೈಲ್ಸ್ ಒಯ್ಯುವುದಿತ್ತು. ಭೀಮಶಿ ಹತ್ತಿದ. ತನ್ನ ಅಧ್ಯಯನವೂ ಅದೇ ಟೆಂಪೋದಲ್ಲಿ ಹೊರಟಿದೆ ಎಂದು ಜಯಶ್ರೀಗೆ ಅನ್ನಿಸಿತು, ಅವಳೂ ಹತ್ತಿದಳು. ಟೆಂಪೋ ಜುವಾರಿ ಹೊಳೆಯ ಸೇತುವೆ ಹತ್ತಿತು. ಕೆಳಗೆ ಹೊಳೆ ತನ್ನಷ್ಟಕ್ಕೆ ಸಮುದ್ರದ ಕಡೆ ಹೋಗುತ್ತಿತ್ತು. ಭೀಮಶಿ ನೀರಿಗೆ ಕೈಮುಗಿದು ಕೇಳಿದ:

"ಮುಸ್ತಾಕ, ಕಾಕಾಗ ಏನಂತ ಹೇಳಲೋ?"

"ತಪ್ಪಾತು ಅನ್ರಿ. ಮುಗೀತು."

"ಹಂಗ ಅಂದದ್ದ ಇಲ್ಲೋ ನಾ. ಸಾಹೇಬ್ರಿಗೆ ಹಿಂದ್ಯಾಗ ಮಾಫಿ ಕೇಳಿದ್ದು ಐತಿ. ಕನ್ನಡದಾಗ ಬಾಯಿಗೆ ಬರವಲ್ದು."

"ಹಿಂದ್ಯಾಗ ಹೇಳಿದ್ರ ಬೈದೀರಿ ಅಂತ ತಿಳ್ಕೊಂತಾನ ಕಾಕಾ. ಮೊದಲ ಸಿಟ್ಟಿಲೆ ಹ್ವಾದಂವ."

"ನನ್ನ ಮುಂದ ಒಂದ್ಸಲ ಅಂದು ನೋಡ್ರಿ ಕಾಕಾ, ರೂಢಿ ಆಗತೈತಿ" ಎಂದಳು ಜಯಶ್ರೀ.

ಭೀಮಶಿ ಪ್ರಯತ್ನಿಸಿದ. "ತ" ಎಂಬುದು ಬಂತು. ಮುಂದಿನದು ಕೊರ್ತಾಲಿಮ್ ದಾಟಿದರೂ ಬರಲಿಲ್ಲ.

ದಾಬೋಲಿಮ್‌ನಲ್ಲಿ ಅರ್ಧ ಎದ್ದಿದ್ದ ಒಂದು ಅಪಾರ್ಟ್‌ಮೆಂಟಿನ ನೆರಳಲ್ಲಿ ಹಣಮಪ್ಪ ಮೂರು ಇಟ್ಟಿಗೆಗಳ ನಡುವೆ ಸೆಂಟ್ರಿಂಗಿನ ಮರದ ಚಕ್ಕೆ ಉರಿಸಿ ಅನ್ನ ಬೇಯಿಸುತ್ತಿದ್ದ. ಮೇಲೆ ನೌಕಾಪಡೆಯ ವಿಮಾನವೊಂದು ಆಕಾಶವನ್ನು ಸೀಳಿಕೊಂಡು ಹೋಯಿತು. ಬಂದವರನ್ನು ಕಂಡು ಅವನ ಮುಖದಲ್ಲಿ ಸಿಟ್ಟೂ ಕಾಣಲಿಲ್ಲ, ಆಶ್ಚರ್ಯವೂ ಕಾಣಲಿಲ್ಲ.

"ಬರ್ರಿ ಅಳಿಯಾರ, ಕುಂದರ್ರಿ. ಊಟದ ಹೊತ್ತಿಗೆ ಬಂದೀರಿ. ಹಂಗ ಕಳಸಾಕ ಬರೂದಿಲ್ಲ. ನೀನೂ ಕೂಡು ಮಗಳ. ಏ ಮುಸ್ತಾಕ, ಕೈ ತೊಳಕೊಂಡು ಬಾ."

ಉಣ್ಣು ಎಂದ ಮೇಲೆ ಒಲ್ಲೆ ಎನ್ನುವುದು ಅವರ ಊರಿನಲ್ಲಿ ಇಲ್ಲ. ಮುಸ್ತಾಕ ಮಾತ್ರ ಪಾತ್ರೆಯ ತಳದಿಂದ ಬಂದ ವಾಸನೆ ಹಿಡಿದು, ಟೈಲ್ಸ್ ಇಳಿಸುವುದಿದೆ ಎಂದು ಜಾರಿಕೊಂಡ. ಜಯಶ್ರೀ ಒಂದು ಹಿಡಿ ಸಾಕು ಎಂದಳು. ಭೀಮಶಿ ಸಿಮೆಂಟು ಚೀಲದ ಮೇಲೆ ಕೂತು, ಕೊಟ್ಟದ್ದನ್ನು ತುತ್ತು ಮಾಡಿ ಬಾಯಿಗಿಟ್ಟ. ಅನ್ನ ಸೀದಿತ್ತು. ಬೇಳೆ ನೀರಾಗಿತ್ತು.

"ಹೆಂಗೈತ್ರಿ?" ಎಂದ ಹಣಮಪ್ಪ.

"ಚಲೋ ಐತ್ರಿ ಕಾಕಾ."

"ಚಲೋ ಇದ್ರ ಇನ್ನಷ್ಟು ತಗೋರಿ" ಎಂದು ಹಣಮಪ್ಪ ಇನ್ನೊಂದು ಸೌಟು ಬಡಿಸಿದ.

ಭೀಮಶಿ ಅದನ್ನೂ ಉಂಡ. ಹಣಮಪ್ಪ ಮತ್ತೆ ಕೇಳಿದ. ಭೀಮಶಿ ಮತ್ತೆ ಚಲೋ ಎಂದ. ಮತ್ತೊಂದು ಸೌಟು ಬಂತು. ಈ ಸಲದ್ದು ಪಾತ್ರೆಯ ತಳದ್ದು, ಕಪ್ಪಗಿತ್ತು. ಜಯಶ್ರೀ ಮುಖ ಪಕ್ಕಕ್ಕೆ ತಿರುಗಿಸಿ ನಗು ನುಂಗಿದಳು. ಹಣಮಪ್ಪನ ಸೌಟು ಇನ್ನೂ ಗಾಳಿಯಲ್ಲೇ ನಿಂತಿತ್ತು.

"ಹೆಂಗೈತ್ರಿ ಅಳಿಯಾರ?"

ಭೀಮಶಿ ಸೌಟನ್ನು ನೋಡಿದ. ತಾಟನ್ನು ನೋಡಿದ.

"ತಳ ಹತ್ತೇತ್ರಿ ಕಾಕಾ. ಬ್ಯಾಳ್ಯಾಗ ಉಪ್ಪಿಲ್ಲ. ಬ್ಯಾಳೀನೂ ಇಲ್ಲ."

ಹಣಮಪ್ಪ ಹೊಟ್ಟೆ ಹಿಡಿದು ನಕ್ಕ. ಸೌಟು ಕೆಳಗಿಟ್ಟು ಅವನ ತಾಟನ್ನು ತಾನೇ ತೆಗೆದ.

"ಈಗ ಖರೇ ಉಂಡ್ರಿ ನೋಡ್ರಿ. ನನಗ ಕೆಟ್ಟ ಅನಸಿಲ್ಲ. ನಾಳೆ ಉಪ್ಪು ಹಾಕತೀನಿ. ಯಾಕ್ರಿ, ನಿಮ್ಮ ಪಲ್ಟಣದಾಗ ಹಿಂಗ ಒಬ್ಬರೂ ಅನ್ನಲಿಲ್ಲೇನು?"

ಭೀಮಶಿ ಬೆರಳುಗಳನ್ನು ನೋಡುತ್ತ ಕೂತ.

"ಅನ್ನಂಗಿಲ್ರಿ ಅಲ್ಲೆ. ಊಟ ಹೆಂಗೈತಿ ಅಂದ್ರ ಸಬ್ ಠೀಕ್. ಥಂಡಿ ಹೆಂಗೈತಿ ಅಂದ್ರ ಸಬ್ ಠೀಕ್. ಒಂದ ಸಲ ಬರ್ಫಿನ್ಯಾಗ ಕಾವಲ ನಿಂತವಗ ಬಿಸಿ ಬ್ಯಾಳಿ ಒಯ್ದೆ. ಸಣ್ಣಾಂವ, ಹೊಸದಾಗಿ ಬಂದಿದ್ದ. ಹೆಂಗೈತಪಾ ಅಂದೆ. ಸಬ್ ಠೀಕ್ ಉಸ್ತಾದ್ ಅಂದ. ಬಟ್ಟಲಾ ಹಿಡಿಯಾಕ ಅವನ ಕೈ ಬರವಲ್ದು. ಬೆರಳು ಕೆಟ್ಟಿದ್ದು ಆಮ್ಯಾಲೆ ಗೊತ್ತಾತು. ಬ್ಯಾಳಿ ಸುಮಾರ ಐತಿ, ಕೈ ಸುಮಾರ ಐತಿ ಅಂತ ಏನರೆ ಒಂದು ಅಂದಿದ್ರ..." ಎಂದು ನಿಲ್ಲಿಸಿದ. "ದವಾಖಾನಿಗೆ ಒಯ್ದ್ರು. ಬದುಕಿದ. ಆದ್ರ ಅಂವ ಅನ್ನಲಿಲ್ಲ, ನೋಡ್ರಿ."

ಇಟ್ಟಿಗೆಗಳ ನಡುವಿನ ಉರಿ ತನ್ನ ಪಾಡಿಗೆ ಸಣ್ಣದಾಗುತ್ತಿತ್ತು. ಜಯಶ್ರೀ ಎಷ್ಟೋ ಮನೆಗಳಲ್ಲಿ ಆ ಎರಡು ಶಬ್ದ ಕೇಳಿ, ಚಹಾ ಕುಡಿದು ಎದ್ದು ಬಂದಿದ್ದಳು. ಆ ಮನೆಗಳಿಗೆಲ್ಲ ಇನ್ನೊಮ್ಮೆ ಹೋಗಬೇಕೆಂದು ಅವಳಿಗೆ ಆಗ ಅನ್ನಿಸಿತು.

"ಕಾಕಾ" ಎಂದ ಭೀಮಶಿ. "ಅವತ್ತು ಲೈನ್ ತಡೀಬ್ಯಾಡ್ರಿ ಅಂದಿದ್ದೆ."

"ಅಂದಿದ್ರಿ."

"ಅನ್ನಬಾರದಿತ್ತು. ತಪ್ಪಾತು."

"ಇನ್ನೊಮ್ಮಿ ಅನ್ರಿ. ವಿಮಾನದ ಸಪ್ಪಳಕ್ಕ ಕೇಳಲಿಲ್ಲ."

ಜಯಶ್ರೀ ಮೇಲೆ ನೋಡಿದಳು. ಆಕಾಶದಲ್ಲಿ ಒಂದು ಹದ್ದು ಬಿಟ್ಟರೆ ಏನೂ ಇರಲಿಲ್ಲ. ಭೀಮಶಿಯೂ ನೋಡಿದ. ಆದರೂ ಇನ್ನೊಮ್ಮೆ ಹೇಳಿದ. ಈ ಸಲ ಸಲೀಸಾಗಿ ಬಂತು.

"ಆತು. ಆಯ್ತವಾರ ಬರತೀನಿ" ಎಂದ ಹಣಮಪ್ಪ. "ಒಂದ ಮಾತು. ಅವತ್ತಿನ ಅಡಗಿ ನೀವ ಮಾಡಬೇಕು. ಚಂದವ್ವಂದು ಉಣ್ಣಾಕ ನಾ ಯಾವಾಗಾದ್ರೂ ಬಂದೇನು. ನಾ ತಪ್ಪ ತಗದು ಹೆಸರ ಇಡತೀನಿ, ನೀವು ನಿಂತ ಕೇಳಬೇಕು. ನಡುವ ಪಲ್ಟಣ ತರಬಾರದು."

ಭೀಮಶಿ ಹೂಂ ಎಂದ. ಟೆಂಪೋ ಸೇತುವೆಯ ಮೇಲೆ ಬಂದಾಗ ಅವನಿಗೆ ಸಿಕ್ಕು ಹೊಳೆಯಿತು. ಹಣಮಪ್ಪ ಬಂದು ಉಂಡಲ್ಲದೆ ಚಂದವ್ವ ಭೀಮಶಿಯನ್ನು ಒಳಗೆ ಬಿಡುವುದಿಲ್ಲ. ಭೀಮಶಿ ಅಡಿಗೆ ಮಾಡಿದಲ್ಲದೆ ಹಣಮಪ್ಪ ಉಣ್ಣುವುದಿಲ್ಲ. ಒಳಗೆ ಹೋಗದೆ ಅಡಿಗೆ ಹೇಗೆ?

"ಚಂದಕ್ಕನ ಹಂತ್ಯಾಕ ಒಂದ ದಿನದ ರಜಾ ಕೇಳೂಣ" ಎಂದ ಮುಸ್ತಾಕ.

"ಹುಕುಂ ಅಂದ್ರ ಹುಕುಂ" ಎಂದ ಭೀಮಶಿ. "ಒಳಗ ಬರಬ್ಯಾಡ ಅಂದಾಳ. ಮಾಡಬ್ಯಾಡ ಅಂದಿಲ್ಲ."

ಭಾನುವಾರ ಬೆಳಿಗ್ಗೆ ಚಂದವ್ವ ಎದ್ದು ನೋಡಿದಾಗ ಪೀಪಾಯಿಯ ಪಕ್ಕದಲ್ಲಿ ನೆಲ ಅಗೆದು ಉದ್ದನೆಯ ಒಲೆಯಾಗಿತ್ತು. ಗಾಳಿ ಬರಲು ಒಂದು ಬಾಯಿ, ಹೊಗೆ ಹೋಗಲು ಇನ್ನೊಂದು. ಬಯಲಿನಲ್ಲಿ ಡೇರೆ ಹಾಕಿದಾಗ ಪಲ್ಟಣದವರು ತೋಡುವ ಒಲೆ ಅದು. ಭೀಮಶಿ ಹೊಸ್ತಿಲಿನಿಂದ ಒಂದು ಮೊಳ ಹೊರಗೆ ನಿಂತು ಕೈ ಚಾಚಿದ.

"ಬದನಿಕಾಯಿ ಕೊಡು."

ಚಂದವ್ವ ಬುಟ್ಟಿಯನ್ನು ಹೊಸ್ತಿಲ ಮೇಲಿಂದ ದಾಟಿಸಿದಳು.

"ಎಣ್ಣಿ."

ಕೊಟ್ಟಳು.

"ಖಾರ ಎಷ್ಟು ಹಾಕಲಿ?"

"ನಾ ಏನೂ ಹೇಳೂದಿಲ್ಲ. ಉಣ್ಣವರು ಹೇಳತಾರ" ಎಂದು ರೊಟ್ಟಿ ಬಡಿಯಲು ಕೂತಳು. ಆದರೆ ಒಗ್ಗರಣೆಯ ಘಾಟು ಒಳಗೆ ಬಂದಾಗೊಮ್ಮೆ ಅವಳ ಬಡಿತ ನಿಲ್ಲುತ್ತಿತ್ತು. ಕುತ್ತಿಗೆ ಉದ್ದ ಮಾಡಿ ನೋಡುವಳು, ಅವನು ತಿರುಗಿದರೆ ಮತ್ತೆ ಬಡಿಯುವಳು.

ಮಧ್ಯಾಹ್ನಕ್ಕೆ ಹಣಮಪ್ಪ ಒಗೆದ ಧೋತರ ಉಟ್ಟು ಬಂದ. ಸುದ್ದಿ ಹರಡಿ, ರಜೆಯ ದಿನವೂ ಓಣಿಯ ಅರ್ಧ ಜನ ಬಂದು ಕೂತಿದ್ದರು. ಜಯಶ್ರೀಯೂ ಬಂದಿದ್ದಳು, ಸ್ಟೂಲು ಬೇಡವೆಂದು ಸಾಲಿನಲ್ಲೇ ಕೂತಿದ್ದಳು. ಭೀಮಶಿ ಬಡಿಸಿದ. ಹಣಮಪ್ಪ ತುತ್ತನ್ನು ಕಣ್ಣಿಗೆ ಒತ್ತಿಕೊಂಡು ಬಾಯಿಗಿಟ್ಟ. ಕಣ್ಣು ಮುಚ್ಚಿದ. ಅಷ್ಟು ನಿಧಾನವಾಗಿ ಯಾರೂ ಯಾವ ತುತ್ತನ್ನೂ ಅಗಿದಿರಲಿಕ್ಕಿಲ್ಲ. ಭೀಮಶಿ ಕೈ ಹಿಂದೆ ಕಟ್ಟಿ ನಿಂತಿದ್ದ.

"ಬದನಿಕಾಯಿ ಹೊರಗ ಬೆಂದೇತಿ, ಒಳಗ ಹಸಿ ಐತಿ" ಎಂದ ಹಣಮಪ್ಪ. "ಬ್ಯಾಳ್ಯಾಗ ಹುಳಿ ಹೆಚ್ಚಾತು. ಖಾರ ಹಾಕೀರಿ, ಆದ್ರ ಅಂಜಿ ಅಂಜಿ ಹಾಕೀರಿ. ಶೇಂಗಾ ಹುರಿಯೂಮುಂದ ಮಾತಾಡಕೋತ ಕುಂತಿದ್ರಿ, ಕಪ್ಪಾಗ್ಯಾವು."

"ಹೌದು, ಕಪ್ಪಾಗ್ಯಾವು" ಎಂದ ಖೀರಪ್ಪ.

"ಅನ್ನ ಮೆತ್ತಗಾಗೇತಿ" ಎಂದಿತು ಇನ್ನೊಂದು ದನಿ.

ಭೀಮಶಿಯ ಬಾಯಿ ತೆರೆಯಿತು. ಪಲ್ಟಣ ನಾಲಿಗೆಯ ತುದಿಗೆ ಬಂದದ್ದು ಎಲ್ಲರಿಗೂ ಕಂಡಿತು. ಅವನು ಅದನ್ನು ನುಂಗಿದ.

"ಮಾಮಾ, ಉಸಿರರೆ ಬಿಡ್ರಿ" ಎಂದ ಮುಸ್ತಾಕ.

ಕಟ್ಟೆ ಒಡೆದಂತಾಯಿತು. ಇಷ್ಟು ದಿನ ಚಲೋ ಎಂದವರೆಲ್ಲ ಬಾಯಿ ಬಿಟ್ಟರು. ಭೀಮಶಿಯ ಅಡಿಗೆ ಮುಗಿದು ಮಾತು ಚಂದವ್ವನ ಅಡಿಗೆಗೆ ಬಂತು. ಹೋದ ವಾರದ ಝುಣಕ ಗಂಟುಗಂಟಾಗಿತ್ತು. ಚಟ್ನಿಯಲ್ಲಿ ಬೆಳ್ಳುಳ್ಳಿ ಕಾಣೆಯಾಗಿ ಬಹಳ ದಿನವಾಯಿತು. ಮಳೆ ಶುರುವಾದಾಗಿನಿಂದ ರೊಟ್ಟಿ ದಪ್ಪ. ಚಂದವ್ವ ಹೊಸ್ತಿಲಲ್ಲಿ ನಿಂತು ಒಂದೊಂದನ್ನೂ ಕೇಳಿದಳು. ಹರಕೆ ಸಂದ ಹೆಣ್ಣುಮಗಳ ಮುಖದಂತೆ ಅವಳ ಮುಖ ಅರಳುತ್ತ ಹೋಯಿತು.

"ಮತ್ತ? ಮತ್ತೇನೈತಿ, ಎಲ್ಲಾ ಹೇಳಿಬಿಡ್ರಿ" ಎನ್ನುತ್ತಿದ್ದಳು.

ಹಣಮಪ್ಪ ತಾಟನ್ನು ಮುಂದೆ ಚಾಚಿದ. "ಇಷ್ಟೆಲ್ಲಾ ಅಂದೆ ಅಂತ ಬದನಿಕಾಯಿ ಮುಚ್ಚಿಡಬ್ಯಾಡ್ರಿ ಅಳಿಯಾರ. ಇನ್ನೊಂದ ಹಾಕ್ರಿ."

ಭೀಮಶಿ ಎರಡು ಹಾಕಿದ.

ಎಲ್ಲರೂ ಉಂಡು ಎದ್ದರು. ಹಣಮಪ್ಪ ಎಲೆಅಡಿಕೆ ಮೆಲ್ಲುತ್ತ ಜಯಶ್ರೀಗೆ ತನ್ನ ಮೊಣಕಾಲಿನ ನೋವಿನ ಕಥೆ ಶುರುಮಾಡಿದ. ನೀ ಸೈನಿಕರನ್ನಷ್ಟ ಕೇಳತೀಯೇನು, ಗೌಂಡಿಗಳನ್ನೂ ಕೇಳು ಎಂದ. ಎಲ್ಲರ ಊಟವಾದ ಮೇಲೆ ಉಣ್ಣುವುದು ಚಂದವ್ವನ ರೂಢಿ. ಅವಳು ತಾಟು ಹಿಡಿದು ಹೊರಗೆ ಬಂದು, ನೆಲದ ಒಲೆಯ ಪಕ್ಕದಲ್ಲಿ ಕೂತಳು. ಭೀಮಶಿ ಬಡಿಸಿದ. ಗಂಡ ಬೇಯಿಸಿದ್ದನ್ನು ಗಂಡನೇ ಬಡಿಸಿ ಉಣ್ಣುವುದು ಅವಳಿಗೆ ಹೊಸದು. ಮೊದಲ ತುತ್ತು ನುಂಗುವಾಗ ಸೆರಗನ್ನು ಸುಮ್ಮನೆ ಸರಿಮಾಡಿಕೊಂಡಳು.

"ಹೆಂಗೈತಿ?" ಎಂದು ಅವನು ಕೇಳಿದ.

"ಕಾಕಾ ಅಂದದ್ದು ಖರೆ. ಹಸಿ ಐತಿ."

"ಹೂಂ."

ಅವಳು ಹಸಿ ಬದನೆಕಾಯನ್ನು ಪೂರಾ ಉಂಡಳು. ತಾಟಿನ ಅಂಚನ್ನು ರೊಟ್ಟಿಯ ಚೂರಿನಿಂದ ಒರೆಸಿದಳು. ಕೈ ತೊಳೆದುಕೊಂಡು ಎದ್ದು ಹೊಸ್ತಿಲ ಒಳಗೆ ಹೋಗಿ ತಿರುಗಿ ನಿಂತಳು.

"ಸಂಜಿ ಊಟಕ್ಕ ಉಳ್ಳಾಗಡ್ಡಿ ಹೆಚ್ಚೂದೈತಿ. ಬರ್ರಿ ಒಳಗ."

ಭೀಮಶಿ ಚಪ್ಪಲಿ ಕಳಚಿಟ್ಟ. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದ. ಈಳಿಗೆಮಣೆಯ ಮುಂದೆ ಕೂತು, ಒಂದು ಉಳ್ಳಾಗಡ್ಡಿ ಕೈಗೆತ್ತಿಕೊಂಡು, ಹೆಚ್ಚದೆ ಹಾಗೇ ಹಿಡಿದುಕೊಂಡು ಕೇಳಿದ:

"ಸಣ್ಣಗ ಹೆಚ್ಚಲೋ, ದಪ್ಪಗೋ?"

"ಸಣ್ಣಗ. ದಪ್ಪ ಆದ್ರ ಹೇಳತೀನಿ."

"ಹೇಳು" ಎಂದ ಭೀಮಶಿ.